ಹಸಿರು ಚುಕ್ಕೆಯ ಬೋರು

ಕಳೆದ ವಾರ ತಂಗಿಯ ಮಗುವಿನ ನಾಮಕರಣಕ್ಕೆ ಬ್ಯಾನರ್ ಮಾಡಿಸಲೆಂದು ಹೊಸಪೇಟೆಯ ಒಂದು ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ಯಂತ್ರದಿಂದ ಆಗಷ್ಟೇ ಹೊರಬಂದ ಫ್ಲೆಕ್ಸಿಗೆ ಒಂದು ವಾಸನೆ ಇರುತ್ತದೆ, ಅರ್ಧ ಸೀಮೆಎಣ್ಣೆ, ಅರ್ಧ ಹೊಸ ರಬ್ಬರ್ ಚಪ್ಪಲಿ. ಅದು ಮೂಗಿಗೆ ಬಡಿಯುವ ಹೊತ್ತಿಗೇ ಅಂಗಡಿಯವನು, "ಹಿಂದ ಯಾವ ಕಲರ್ ಹಾಕ್ಲಿ ಮೇಡಂ? ಹಸಿರು ಹಾಕ್ತೀನಿ ಬಿಡ್ರಿ, ಹಸಿರಂದ್ರ ಯಾರೂ ಬ್ಯಾಡ ಅನ್ನಂಗಿಲ್ಲ" ಅಂದ. ಅವನ ಪಾಲಿಗೆ ಅದು ದಿನಕ್ಕೆ ನೂರು ಸಲ ಆಡುವ ಮಾತು. ನನಗೆ ಮಾತ್ರ ಆ ವಾಸನೆಯೂ ಆ ಮಾತೂ ಒಟ್ಟಿಗೆ ಬಂದು, ಚೋರನೂರಿನ ಒಂದು ಮಳೆಗಾಲ ಇಡಿಯಾಗಿ ಕಣ್ಣ ಮುಂದೆ ನಿಂತಿತು. ಹಸಿರೇ ಹಾಕು ಅಂತ ಹೇಳಿ ಹೊರಗಿನ ಕಟ್ಟೆಯ ಮೇಲೆ ಕೂತೆ.

ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ನನಗೆ ಹೊಸಪೇಟೆಯಲ್ಲೇ ಒಂದು ಕೆಲಸ ಸಿಕ್ಕಿತ್ತು. ಒಂದು ದೊಡ್ಡ ಕಂಪನಿ ನಡೆಸುವ ಸೇವಾ ಸಂಸ್ಥೆ ಅದು. ಔಷಧದ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಚೇರಿ. ಸಂಡೂರು, ಹೊಸಪೇಟೆ, ಕಂಪ್ಲಿ ಸುತ್ತಲಿನ ಊರುಗಳಲ್ಲಿ ಕುಡಿಯುವ ನೀರು ಪರೀಕ್ಷೆ ಮಾಡಿ, ಯಾವ ಬೋರಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಊರವರಿಗೆ ತಿಳಿಯುವಂತೆ ಒಂದು ದೊಡ್ಡ ಫ್ಲೆಕ್ಸ್ ಮಾಡಿ ಗೋಡೆಗೆ ಹಾಕುವುದು ಕೆಲಸ. ನೀರು ತರುವವರು ಬೇರೆ, ಪರೀಕ್ಷೆ ಮಾಡುವವರು ಬೇರೆ. ಬಂದ ಅಂಕಿಗಳನ್ನು ಚಿತ್ರ ಮಾಡುವವಳು ನಾನು. ಎಲ್ಲರ ಮೇಲೆ ನಾಗರಾಜ್ ಸರ್. ಮೆತ್ತಗೆ ಮಾತಾಡುವ, ಮಳೆ ಇಲ್ಲದಿದ್ದರೂ ಕೊಡೆ ಹಿಡಿದೇ ಹೊರಡುವ ಮನುಷ್ಯ.

ಅಂಕಿಗಳಿಂದ ಚಿತ್ರ ತೆಗೆಯುವುದಕ್ಕೆ ನಾವು ಕೋಡ್ ಬರೆಯುತ್ತೇವೆ. ಮೊದಲಾದರೆ ಪ್ರತಿ ಚಿತ್ರಕ್ಕೂ ಬಣ್ಣವನ್ನು ಬರೆಯುವವರೇ ಆರಿಸಬೇಕಿತ್ತು, ಒಬ್ಬೊಬ್ಬರದು ಒಂದೊಂದು ರುಚಿ. ಆ ವರ್ಷ ಬೆಂಗಳೂರಿನ ಕೇಂದ್ರ ಕಚೇರಿಯವರು ಬ್ರ್ಯಾಂಡ್ ಬುಕ್ ಅಂತ ಒಂದು ಪುಸ್ತಕ ಮಾಡಿಸಿದ್ದರು. ಕಂಪನಿಯ ಬಣ್ಣ ಯಾವುವು, ಅಕ್ಷರ ಹೇಗಿರಬೇಕು, ಗೆರೆ ಎಷ್ಟು ದಪ್ಪ, ಲೋಗೋ ಯಾವ ಮೂಲೆಗೆ, ಎಲ್ಲವೂ ಅದರಲ್ಲಿತ್ತು. ಅದನ್ನೇ ಕೋಡಿಗೆ ಇಳಿಸಿ ಥೀಮ್ ಎಂದು ಹೆಸರಿಟ್ಟು ನಮಗೆ ಕಳಿಸಿದರು. ಕೋಡಿನ ಕೊನೆಗೆ ಆ ಥೀಮನ್ನು ಕರೆದರೆ ಸಾಕು, ಚಿತ್ರ ಯೂನಿಫಾರ್ಮ್ ಹಾಕಿಕೊಂಡು, ತಲೆ ಬಾಚಿಕೊಂಡು ಪ್ರಾರ್ಥನೆಗೆ ನಿಂತ ಹಾಗೆ ಬರುತ್ತಿತ್ತು. ಕಂಪನಿಯ ಮುಖ್ಯ ಬಣ್ಣ ಹಸಿರು. ಕಡಿಮೆ ಇದ್ದದ್ದಕ್ಕೆ ಮರಳಿನ ಬಣ್ಣ, ಹೆಚ್ಚಾದಂತೆ ಹಸಿರು, ಅತಿ ಹೆಚ್ಚಿಗೆ ಕಡು ಹಸಿರು. ಹೆಚ್ಚು ಎಂದರೆ ಕಡು, ಈ ನಿಯಮ ಯಾವ ಚಿತ್ರದಲ್ಲೂ ಬದಲಾಗಬಾರದು. ಕೆಂಪು ಮಾತ್ರ ಎಲ್ಲೂ ಕೂಡದು. ಯಾಕೆಂದರೆ ಕೆಂಪು ಎದುರಾಳಿ ಕಂಪನಿಯ ಬಣ್ಣವಂತೆ. ಇದೆಲ್ಲ ಪಾಲನೆಯಾಗುತ್ತಿದೆಯೋ ಇಲ್ಲವೋ ನೋಡಲು ಇನ್ನೊಂದು ಸಣ್ಣ ಕೋಡು ಕಾವಲಿಗಿತ್ತು. ಪುಸ್ತಕದಲ್ಲಿಲ್ಲದ ಬಣ್ಣ ಒಂದು ಚುಕ್ಕೆಯಷ್ಟು ಕಂಡರೂ ಅದು ಚಿತ್ರವನ್ನು ವಾಪಸ್ ಕಳಿಸುತ್ತಿತ್ತು.

ನಿಜ ಹೇಳಬೇಕೆಂದರೆ ನನಗೆ ಆ ಥೀಮ್ ಭಾರಿ ಹಿಡಿಸಿತ್ತು. ನಾನು ಬಣ್ಣದ ಅಂಗಡಿಯ ಮಗಳು. ನಮ್ಮಪ್ಪ ಪೇಂಟ್ ಮಾರುವವರು, ಹಣೆಗೆ ವಿಭೂತಿ, ಬೆರಳಿಗೆ ಯಾವಾಗಲೂ ಒಂದಲ್ಲ ಒಂದು ಬಣ್ಣ. ಅವರ ಅಂಗಡಿಯಲ್ಲಿ ಶೇಡ್ ಕಾರ್ಡ್ ನೋಡಿ ಬಣ್ಣ ಕೇಳುವವರು ಕಡಿಮೆ. ಈರುಳ್ಳಿ ಸಿಪ್ಪೆ ಬಣ್ಣ ಕೊಡ್ರಿ, ಗಿಳಿ ಹಸಿರು ಕೊಡ್ರಿ, ನಮ್ಮ ಬೀಗರ ಮನೆಗೆ ಹಚ್ಚಿದ್ದು ಕೊಡ್ರಿ ಅನ್ನುವವರೇ ಎಲ್ಲ. ಬೀಗರ ಮನೆಗೆ ಏನು ಹಚ್ಚಿದ್ದರೆಂದು ನೆನಪಿಟ್ಟುಕೊಳ್ಳುವುದೂ ಅಪ್ಪನ ಪಾಲಿಗೇ. ಆ ಗದ್ದಲದಲ್ಲಿ ಬೆಳೆದವಳಿಗೆ, ಒಂದೊಂದು ಬಣ್ಣಕ್ಕೂ ಆರು ಅಕ್ಷರದ ಸಂಕೇತ ಕೊಟ್ಟು, ಇದೇ ಬಣ್ಣ, ಇದೇ ಕ್ರಮ, ಚರ್ಚೆ ಇಲ್ಲ ಎಂದು ಮುಗಿಸಿದ್ದು ದೊಡ್ಡ ನೆಮ್ಮದಿ ಅನಿಸಿತ್ತು. ಅಪ್ಪನಿಗೆ ಲ್ಯಾಪ್‌ಟಾಪ್ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಪರದೆ ಮ್ಯಾಲ ಚಲೋ ಕಾಣ್ತೈತಿ ಬಿಡು. ಗ್ವಾಡಿ ಮ್ಯಾಲ ಹಚ್ಚಿದ ಮ್ಯಾಲ ಹೇಳು" ಅಂದರು. ಸದ್ಯ ಅಷ್ಟಾದರೂ ಒಪ್ಪಿದರಲ್ಲ ಅಂದುಕೊಂಡೆ.

ಚೋರನೂರಿನ ಫ್ಲೆಕ್ಸು ನಾನು ಸೇರುವ ಮೊದಲೇ ಬೆಂಗಳೂರಿನಲ್ಲೇ ತಯಾರಾಗಿ, ಅಂಟಿಸಿಯೂ ಆಗಿತ್ತು. ಅದೇ ಮಾದರಿ. ಅದರ ಹಾಗೆಯೇ ಉಳಿದ ಊರುಗಳದ್ದು ಮಾಡಬೇಕು ಎಂದು ನನಗೆ ಹೇಳಿದ್ದರು. ಮೊದಲು ಕಂಪ್ಲಿ ಕಡೆಯದನ್ನು ಕೈಗೆತ್ತಿಕೊಂಡೆ. ಅಣೆಕಟ್ಟು ತುಂಬಿ, ಕಾಲುವೆಗೆ ನೀರು ಬಿಟ್ಟು, ಗದ್ದೆಗಳಲ್ಲಿ ನಾಟಿ ನಡೆದಿದ್ದ ದಿನಗಳು. ಹೊಸಪೇಟೆಯವರು ಗೇಟು ತೆಗೆದದ್ದನ್ನು ನೋಡಲು ಮಕ್ಕಳುಮರಿ ಕಟ್ಟಿಕೊಂಡು ಹೋಗುತ್ತಿದ್ದರು, ನಾನು ಅದರ ವಿರುದ್ಧ ದಿಕ್ಕಿನ ಬಸ್ಸಿನಲ್ಲಿ ಫ್ಲೆಕ್ಸಿನ ಸುರುಳಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದೆ. ಕಂಪ್ಲಿಯಲ್ಲಿ ನಮಗೆ ಗೋಡೆ ಕೊಟ್ಟಿದ್ದವರು ಬಸವರಾಜಪ್ಪ ಎಂಬ ಅಕ್ಕಿ ಗಿರಣಿಯ ಮಾಲೀಕರು. ಅವರ ಓಣಿಯ ನೀರು ಒಳ್ಳೆಯದು, ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಚುಕ್ಕೆಗಳೆಲ್ಲ ಮರಳಿನ ಬಣ್ಣ. ಅವರು ಫ್ಲೆಕ್ಸನ್ನೂ, ನಾನು ತೋರಿಸಿದ ಚೋರನೂರಿನ ಮಾದರಿಯ ಸಣ್ಣ ಪ್ರತಿಯನ್ನೂ ಒಂದರ ಪಕ್ಕ ಒಂದು ಹಿಡಿದು ನೋಡಿದರು.

"ಏನಮ್ಮಾ ಇದು, ಹೊಳಿ ದಂಡಿ ಊರಿಗೆ ಒಣಗಿದ ಹುಲ್ಲಿನ ಬಣ್ಣ ಕೊಟ್ಟೀರಿ. ಚೋರನೂರಿಗೆ ನೋಡು, ಎಷ್ಟು ಹಸಿರು ಕೊಟ್ಟೀರಿ. ನಾವೇನು ಪಾಪ ಮಾಡಿದ್ವಿ?"

"ಅದು ಕೆಟ್ಟದ್ದು ಜಾಸ್ತಿ ಐತಿ ಅಂತ ಹಸಿರು ರೀ ಯಜಮಾನ್ರ. ನಿಮ್ಮದು ಚಲೋ ನೀರು."

"ಚಲೋ ಇದ್ರ ಹಿಂಗ ಯಾಕ ಸಪ್ಪಗ ಕಾಣ್ತೈತಿ?" ಅಂದರು. ಆದರೂ ದೊಡ್ಡ ಮನಸ್ಸು ಮಾಡಿ ಗೋಡೆ ಕೊಟ್ಟರು. ಗಿರಣಿಯ ಹಮಾಲರೆಲ್ಲ ನಕ್ಕರು, ನಾನೂ ನಕ್ಕೆ. ವಾಪಸ್ ಬರುವಾಗ ಬಸ್ಸಿನಲ್ಲಿ ಇದನ್ನು ಆಫೀಸಿನಲ್ಲಿ ಹೇಗೆ ಹೇಳಿ ನಗಿಸಬೇಕೆಂದು ಯೋಚಿಸುತ್ತಿದ್ದೆನೇ ಹೊರತು, ಅದರಲ್ಲಿ ಇನ್ನೇನಾದರೂ ಇರಬಹುದು ಎಂದು ಹೊಳೆಯಲಿಲ್ಲ.

ಶ್ರಾವಣದಲ್ಲಿ ಚೋರನೂರಿಗೆ ಹೋದೆ. ಮಾದರಿ ಫ್ಲೆಕ್ಸು ಗೋಡೆಯ ಮೇಲೆ ಹೇಗಿದೆ, ಫೋಟೋ ತೆಗೆದುಕೊಂಡು ಬಾ ಎಂದು ನಾಗರಾಜ್ ಸರ್ ಕಳಿಸಿದ್ದರು. ಸಂಡೂರಿನ ಗುಡ್ಡಗಳು ವರ್ಷದಲ್ಲಿ ಆ ಕೆಲವು ವಾರ ಮಾತ್ರ ಬೇರೆಯೇ ಆಗುತ್ತವೆ. ಗಣಿಗಳ ಧೂಳು ಅಡಗಿ, ಮೇಲೆಲ್ಲ ಹುಲ್ಲು ಎದ್ದು, ರಸ್ತೆ ಪಕ್ಕದ ನೀರು ಮಾತ್ರ ಕೆಂಪಗೆ ಹರಿಯುತ್ತಿರುತ್ತದೆ. ಅದನ್ನು ದಾಟಿ ಚೋರನೂರಿನ ಹೊಲಗಳ ನಡುವೆ ಬಸ್ಸು ಸಾಗುವಾಗ ಜೋಳ, ಸಜ್ಜೆ ಎಲ್ಲ ಮೊಣಕಾಲೆತ್ತರ ಬಂದಿದ್ದವು. ಬಸ್ ಇಳಿದಾಗ ಅಂಗನವಾಡಿ ಟೀಚರ್ ಹುಲಿಗೆಮ್ಮ ನನಗಾಗಿ ಕಾಯುತ್ತಿದ್ದರು. ನಲವತ್ತರ ಆಸುಪಾಸಿನ ಹೆಂಗಸು, ಗಟ್ಟಿ ದನಿ, ಫೋನಿನಲ್ಲಿ ಒಂದೆರಡು ಸಲ ಮಾತಾಡಿದ್ದೆವು. ನಮಸ್ಕಾರಕ್ಕೆ ಪ್ರತಿಯಾಗಿ ಅವರು ನಗಲಿಲ್ಲ. "ಬರ್ರಿ, ನಿಮ್ಮ ಚಾರ್ಟಿನ ಮಹಿಮಿ ತೋರಸ್ತೀನಿ" ಎಂದು ಮುಂದೆ ನಡೆದರು.

ಆ ಓಣಿಗೆ ಎರಡು ಬೋರುಗಳ ನೀರು. ಒಂದು ಮಾರೆಮ್ಮನ ಗುಡಿಯ ಪಕ್ಕ, ಮನೆಗಳಿಗೆ ಅಂಟಿಕೊಂಡೇ ಇದೆ. ಇನ್ನೊಂದು ಶಾಲೆಯ ಹಿಂದೆ, ಹೊಲದ ಅಂಚಿಗೆ, ಕೊಡ ಹೊತ್ತು ಬರುವವರಿಗೆ ದೂರವೇ. ಗುಡಿ ಬೋರಿನ ನೀರು ಬಾಯಿಗೆ ಸಿಹಿ, ಕಣ್ಣಿಗೆ ತಿಳಿ, ಆದರೆ ಫ್ಲೋರೈಡ್ ತುಂಬಿದ ನೀರು. ಕುದಿಸಿದರೂ ಅದು ಹೋಗುವುದಿಲ್ಲ. ಬೆಳೆಯುವ ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟಿ, ದೊಡ್ಡವರಾದ ಮೇಲೆ ಮೂಳೆ ನೋವು. ಹುಲಿಗೆಮ್ಮನ ಭಾವನ ಮಗಳು ರೇಣುಕಾ ನಗುವಾಗ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಹೈಸ್ಕೂಲಿನ ಹುಡುಗಿ, ಯಾವ ಫೋಟೋದಲ್ಲೂ ಬಾಯಿ ತೆರೆದಿಲ್ಲವಂತೆ. ಅವಳನ್ನು ನೋಡಿಯೇ ಹುಲಿಗೆಮ್ಮ ಹಟ ಹಿಡಿದು, ಮನೆ ಮನೆ ತಿರುಗಿ, ಬೈದು, ಕಾಡಿ, ಓಣಿಯ ಹೆಂಗಸರನ್ನು ಕುಡಿಯುವ ನೀರಿಗೆ ಶಾಲೆ ಬೋರಿಗೆ ಹೋಗುವಂತೆ ಮಾಡಿದ್ದರು. ಎರಡು ವರ್ಷ ಹಿಡಿದ ಕೆಲಸ ಅದು.

ಗುಡಿಯ ಹತ್ತಿರ ಹೋದರೆ ಕೈಪಂಪಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಹಿಡಿಕೆಗೆ ಹಸಿರು ಬಳೆ ತೊಡಿಸಿದ್ದರು. ಶ್ರಾವಣದ ಗಂಗೆ ಪೂಜೆ. ಸಾಲಾಗಿ ಕೊಡಗಳು, ಓಣಿಯೆಲ್ಲ ಮತ್ತೆ ಇಲ್ಲಿಗೇ ತಿರುಗಿತ್ತು. ಎದುರಿನ ಗೋಡೆಯ ಮೇಲೆ ನಮ್ಮ ಫ್ಲೆಕ್ಸು, ಅದರಲ್ಲಿ ಗುಡಿ ಬೋರಿನ ಚುಕ್ಕೆ ಕಡು ಹಸಿರಾಗಿ, ದಪ್ಪಗೆ, ಬೆಳೆ ಬಂದ ಹೊಲದ ಹಾಗೆ ಹೊಳೆಯುತ್ತಿತ್ತು. ಶಾಲೆ ಬೋರಿನದು ಬಾಡಿದ ಮರಳಿನ ಬಣ್ಣ. ನಾನು ಫ್ಲೆಕ್ಸಿನ ಕೆಳಗಿನ ಸಣ್ಣ ಅಕ್ಷರದ ಸಾಲಿಗೆ ಬೆರಳಿಟ್ಟೆ.

"ಕೆಳಗ ಬರ್ದೈತಲ್ರಿ ಟೀಚರ್, ಬಣ್ಣ ಕಡು ಇದ್ದಷ್ಟೂ ಫ್ಲೋರೈಡ್ ಜಾಸ್ತಿ ಅಂತ" ಅಂದೆ. ಹೇಳುವಾಗಲೇ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಕೆಳಗ ಬರ್ದದ್ದು ಯಾರು ಓದ್ತಾರ್ರಿ? ಬಸರಿಗೆ ಹಸಿರು ಸೀರಿ, ಮದುವಿ ಹುಡುಗಿಗೆ ಹಸಿರು ಬಳಿ, ಹೊಲ ಹಸಿರಾದ್ರ ಹೊಟ್ಟಿಗೆ ಅನ್ನ. ನೀವು ಹಸಿರು ಹಚ್ಚಿ ಕುಡಿಬ್ಯಾಡ್ರಿ ಅಂದ್ರ ಯಾರು ಕೇಳ್ತಾರ?"

ಕೊಡ ತುಂಬಿಸುತ್ತಿದ್ದ ಹಿರಿಯಳು ದುರುಗಮ್ಮ ತಿರುಗಿದಳು. ಆ ಓಣಿಯಲ್ಲಿ ಅವಳ ಮಾತು ನಡೆಯುತ್ತದೆ ಎಂದು ನೋಡಿದರೇ ಗೊತ್ತಾಗುತ್ತಿತ್ತು. "ಟೀಚರ್ ಒಂದು ಹೇಳ್ತಾಳ, ಆಫೀಸ್ನೋರು ಒಂದು ಹೇಳ್ತಾರ. ಅವ್ರೇ ಹಸಿರು ಹಾಕಿ ಹೋಗ್ಯಾರ. ಇಷ್ಟು ದಿನ ಸುಮ್ನ ನಮ್ಮನ್ನ ಅಷ್ಟು ದೂರ ನಡೆಸಿದ್ಲು ನೋಡು ಈಕಿ" ಅಂದಳು. ಹೆಂಗಸರು ನಕ್ಕರು. ಕೆಟ್ಟ ನಗು ಅಲ್ಲ, ಓಣಿಯವರು ಓಣಿಯವರನ್ನು ಕಾಡಿಸುವ ನಗು. ಆದರೆ ಹುಲಿಗೆಮ್ಮ ನೆಲ ನೋಡುತ್ತಾ ನಿಂತಿದ್ದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ, ಫೋಟೋ ತೆಗೆಯದೆ ಬಸ್ ಹತ್ತಿದೆ.

ನಾಗರಾಜ್ ಸರ್ ಎಲ್ಲ ಕೇಳಿ, ಥೀಮ್ ಬದಲಿಸುವುದು ತಮ್ಮ ಕೈಲಿಲ್ಲ, ಬ್ರ್ಯಾಂಡ್ ನೋಡಿಕೊಳ್ಳುವವರನ್ನೇ ಕೇಳಬೇಕು ಅಂದರು. ಬೆಂಗಳೂರಿನಲ್ಲಿ ಬ್ರ್ಯಾಂಡ್ ನೋಡಿಕೊಳ್ಳುವ ಮೇಘನಾ ಅದೃಷ್ಟಕ್ಕೆ ಅದೇ ವಾರ ಗೆಳತಿಯರ ಜೊತೆ ಹಂಪಿ ನೋಡಲು ಬರುವವರಿದ್ದರು. ಹಂಪಿ ಬಜಾರಿನಲ್ಲಿ ಭೇಟಿಯಾದೆವು. ಜಿಟಿಜಿಟಿ ಮಳೆ. ವಿರೂಪಾಕ್ಷನ ಗೋಪುರದ ಕಡೆ ಮುಖ ಮಾಡಿ ಒಂದು ಕಲ್ಲಿನ ಮಂಟಪದಲ್ಲಿ ಕೂತೆವು. ನಾನು ಮಂಡಕ್ಕಿ ಮಿರ್ಚಿ ಕೊಂಡು ತಂದಿದ್ದೆ. ಆಕೆ ನಾನು ಅಂದುಕೊಂಡಿದ್ದಂತೆ ಜಂಬದವಳಾಗಿರಲಿಲ್ಲ. ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಾ ಪಂಪಿನ ಪೂಜೆಯ ಕಥೆ ಪೂರ್ತಿ ಕೇಳಿದಳು.

"ಕೆಂಪು ಹಾಕೋಕೆ ಆಗಲ್ಲ ರೀ. ಅದು ಅವರ ಬಣ್ಣ. ನಾವೇ ದುಡ್ಡು ಹಾಕಿ ಅವರ ಬೋರ್ಡು ಹಚ್ಚಿದ ಹಾಗಾಗುತ್ತೆ ಅಂತಾರೆ ಮೇಲಿನವರು."

"ಚೋರನೂರಾಗ ಅವರ ಕಂಪನಿನೂ ಗೊತ್ತಿಲ್ಲ, ನಮ್ಮ ಕಂಪನಿನೂ ಗೊತ್ತಿಲ್ರಿ" ಅಂದೆ.

ಆಕೆ ನಕ್ಕಳು. ಆಮೇಲೆ ಮಿರ್ಚಿಯ ಎಣ್ಣೆ ಕೈ ಒರೆಸಿಕೊಂಡು ಅಂದಳು, "ಹೆಚ್ಚು ಅಂದರೆ ಕಡು ಬಣ್ಣ, ಅದು ನಿಯಮ. ಅದನ್ನ ಮುರಿಯೋದು ಬೇಡ. ಆದರೆ ಏನು ಹೆಚ್ಚು ಅನ್ನೋದನ್ನ ಪುಸ್ತಕ ಎಲ್ಲೂ ಹೇಳಿಲ್ಲ, ಅಲ್ವಾ? ಫ್ಲೋರೈಡ್ ಎಷ್ಟಿದೆ ಅಂತ ಯಾಕೆ ತೋರಿಸಬೇಕು? ನೀರು ಕುಡಿಯೋಕೆ ಎಷ್ಟು ಯೋಗ್ಯ ಅಂತ ತೋರಿಸಿ."

ನಾನು ಆಕೆಯನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಯೋಗ್ಯತೆ ಹೆಚ್ಚಾದಂತೆ ಹಸಿರು. ಅಲ್ಲಿಗೆ ಶಾಲೆ ಬೋರು ಕಡು ಹಸಿರು, ಗುಡಿ ಬೋರು ಮರಳಿನ ಬಣ್ಣ. ಕೆಟ್ಟ ನೀರಿನ ಚುಕ್ಕೆಯ ಮೇಲೆ ಕಪ್ಪಗೆ ಒಂದು ಇಂಟು ಗುರುತು ಬೇರೆ ಹಾಕಬಹುದು. ಅಕ್ಷರದ ಕಪ್ಪು ಹೇಗೂ ಪುಸ್ತಕದಲ್ಲೇ ಇದೆ, ಆಕಾರದ ಬಗ್ಗೆ ಕಾವಲಿನ ಕೋಡಿಗೆ ತಕರಾರಿಲ್ಲ. ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಕೂತು ಬದಲಿಸಿದೆ. ಮುಖ್ಯವಾಗಿ ತಿದ್ದಬೇಕಾದದ್ದು ಒಂದೇ ಸಾಲು. ಚಿತ್ರ ತಿರುಗಿ ಬಂತು, ಯೂನಿಫಾರ್ಮೂ ಹಾಗೇ ಇತ್ತು, ಕಾವಲು ಕೋಡು ತುಟಿ ಪಿಟಕ್ಕೆನ್ನದೆ ಬಿಟ್ಟುಕೊಟ್ಟಿತು. ಕಂಪ್ಲಿಯ ಬಸವರಾಜಪ್ಪನವರಿಗೂ ಹೊಸದು ಕಳಿಸಿದೆ. ಈಗ ನೋಡು, ಹಿಂಗಿರಬೇಕು ಎಂದು ಫೋನ್ ಮಾಡಿ ಹೇಳಿದರು. ಎಲ್ಲ ಮುಗಿಯಿತು ಎಂದು ನಾನು ಹಿಗ್ಗಿದೆ.

ಗಣಪತಿ ಹಬ್ಬ ಕಳೆದ ಮೇಲೆ ನಾಗರಾಜ್ ಸರ್ ಮತ್ತು ನಾನು ಹೊಸ ಫ್ಲೆಕ್ಸು ತೆಗೆದುಕೊಂಡು ಚೋರನೂರಿಗೆ ಹೋದೆವು. ಹುಲಿಗೆಮ್ಮನ ಮನೆಯ ಕಟ್ಟೆಯ ಮೇಲೆ ಸುರುಳಿ ಬಿಚ್ಚಿದೆ. ಹೊಸ ವಾಸನೆ ಓಣಿಗೆಲ್ಲ ಹಬ್ಬಿ, ದುರುಗಮ್ಮ ಮತ್ತೆ ಅಕ್ಕಪಕ್ಕದವರು ಬಂದು ನಿಂತರು. ಹುಲಿಗೆಮ್ಮ ಅದನ್ನು ಬಹಳ ಹೊತ್ತು ನೋಡಿದರು. ಖುಷಿಪಡುತ್ತಾರೆ ಎಂದು ನಾನು ಕಾಯುತ್ತಿದ್ದೆ.

"ಇದನ್ನ ಹಚ್ಚೋದು ಬ್ಯಾಡ್ರಿ" ಅಂದರು.

"ಯಾಕ್ರಿ ಟೀಚರ್? ಈಗ ಸರಿ ಐತಲ್ರಿ."

"ಮೊನ್ನಿ ತನಕ ಆ ಬೋರು ಹಸಿರಿತ್ತು, ಇವತ್ತು ಈ ಬೋರು ಹಸಿರು. ನಾಳಿ ಯಾವ್ದು ಅಂತ ಕೇಳ್ತಾರ. ಏನಂತ ಹೇಳ್ಲಿ? ನೀರು ಅದೇ ಐತಿ, ನೀವು ಬಣ್ಣ ತಿರುಗಿಸೀರಿ ಅಷ್ಟ. ನನ್ನ ಮಾತು ಒಮ್ಮೆ ಹೋಗೈತ್ರಿ, ಮತ್ತೊಮ್ಮೆ ಹೋದ್ರ ಹೊಳ್ಳಿ ಬರಂಗಿಲ್ಲ."

ನಾಗರಾಜ್ ಸರ್ ಮೆತ್ತಗೆ ಸಮಾಧಾನ ಹೇಳಲು ನೋಡಿದರು. ಹಳೆಯ ಚಾರ್ಟು ಅಳೆದದ್ದು ಬೇರೆ, ಹೊಸದು ಅಳೆದದ್ದು ಬೇರೆ, ಎರಡೂ ಸುಳ್ಳಲ್ಲ ಎಂದು ವಿವರಿಸಿದರು. ಅದು ನಿಜವೂ ಹೌದು. ದುರುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇರ್ಲಿ ಬಿಡಪ್ಪಾ, ನಿಮ್ಮ ಬಣ್ಣದಾಟ ನಿಮಗ" ಅಂದಳು. ಮತ್ತೆ ಅದೇ ನಗು. ನನ್ನ ಕೋಡು, ಆ ಮಂಟಪದಲ್ಲಿ ಸಿಕ್ಕ ಉಪಾಯ, ಎಲ್ಲ ಒಂದು ಕ್ಷಣಕ್ಕೆ ಕೆಲಸಕ್ಕೆ ಬಾರದ ಜಾಣತನದಂತೆ ಕಂಡಿತು. ರೇಣುಕಾ ಬಾಗಿಲ ಬಳಿ ನಿಂತಿದ್ದಳು. ಎಲ್ಲರ ಜೊತೆ ಅವಳಿಗೂ ನಗು ಬಂದು ಅಂಗೈ ಅಡ್ಡ ಹೋಯಿತು. ಹುಲಿಗೆಮ್ಮ ಅದನ್ನು ನೋಡಿದರು. ಸೀದಾ ಒಳಗೆ ಹೋದರು.

ಅವರು ಹೊರಗೆ ಬರುವಾಗ ತಟ್ಟೆಯಲ್ಲಿ ಎರಡು ಕಪ್ ಚಹಾ ಇತ್ತು. ಮೊದಲು ಸರ್‌ಗೆ ಕೊಟ್ಟರು, ಆಮೇಲೆ ನನಗೆ. ಸರ್ ಊದಿ, ಕಪ್ಪನ್ನು ತುಟಿಗೆ ಒಯ್ದರು.

"ಗುಡಿ ಬೋರಿನ ನೀರಾಗ ಮಾಡಿದ್ದು ಸರ್" ಅಂದರು ಹುಲಿಗೆಮ್ಮ, ಎಲ್ಲರಿಗೂ ಕೇಳುವಂತೆ. "ಈಗ ನಮ್ಮ ಓಣಿಯಾಗ ಎಲ್ಲಾರೂ ಅದನ್ನ ಕುಡಿಯೋದು. ಕುಡೀರಿ."

ಒಂದು ಕಪ್ ಚಹಾದಿಂದ ಯಾರಿಗೂ ಏನೂ ಆಗುವುದಿಲ್ಲ. ಅದು ಸರ್‌ಗೂ ಗೊತ್ತು, ನನಗೂ ಗೊತ್ತು. ಆದರೂ ಅವರ ಕೈ ನಿಂತಿತು. ಕಪ್ಪನ್ನು ನಿಧಾನ ಕೆಳಗಿಳಿಸಿ, ಕಟ್ಟೆಯ ಮೇಲಿಟ್ಟರು. "ಬ್ಯಾಡ್ರಿ ಟೀಚರ್, ಬೆಳಿಗ್ಗಿಯಿಂದ ಯಾಕೋ ಹೊಟ್ಟಿ ಸರಿ ಇಲ್ಲ." ನಾನು ಕುಡಿದುಬಿಡೋಣ ಅಂದುಕೊಂಡೆ. ಅಂದುಕೊಂಡೆ ಅಷ್ಟೇ, ನನ್ನ ಕಪ್ಪೂ ಅವರದರ ಪಕ್ಕ ಹೋಗಿ ಕೂತಿತು.

ಯಾರೂ ನಗಲಿಲ್ಲ. ದುರುಗಮ್ಮ ಎರಡು ಕಪ್ಪುಗಳನ್ನು ನೋಡಿದಳು. ಸರ್ ಮುಖ ನೋಡಿದಳು. ಫ್ಲೆಕ್ಸಿನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಅವಳು ತನ್ನ ಮನೆಯೊಳಗೆ ಹೋಗಿ, ತುಂಬಿದ ಕೊಡವನ್ನು ತಂದು, ಬೇವಿನ ಗಿಡದ ಬುಡಕ್ಕೆ ಸುರಿದಳು. ಖಾಲಿ ಕೊಡ ಸೊಂಟಕ್ಕೇರಿಸಿಕೊಂಡು ಶಾಲೆಯ ಕಡೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು.

ಫ್ಲೆಕ್ಸನ್ನು ಅಲ್ಲೇ ಬಿಟ್ಟು ನಾವು ವಾಪಸ್ ಹೊರಟೆವು. ಸಂಡೂರು ದಾಟಿದ ಮೇಲೆ ಸರ್, "ಆಕಿ ನಮ್ಮನ್ನ ನಡು ಓಣಿಯಾಗ ನಿಲ್ಲಿಸಿಬಿಟ್ಲು ನೋಡು" ಅಂದರು. ಸಿಟ್ಟೋ ಮೆಚ್ಚುಗೆಯೋ ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ. ನನಗೆ ಮಾತ್ರ ನಮ್ಮ ಬಗ್ಗೆ ಬೇಸರವಿತ್ತು. ಆ ನೀರನ್ನು ಅವರು ದಿನವೂ ಕುಡಿಯುತ್ತಾರೆ, ನಾವು ಒಂದು ಗುಟುಕಿಗೆ ಅಂಜಿದೆವು ಎಂದು ಮನಸ್ಸು ಚುಚ್ಚುತ್ತಿತ್ತು.

ದಸರೆಯ ಮೊದಲು, ಮಳೆ ಹಿಂದೆಗೆದ ಮೇಲೆ, ಒಬ್ಬಳೇ ಹೋದೆ. ಶಾಲೆಯ ಕಡೆಯ ಹಾದಿಯಲ್ಲಿ ಹುಲ್ಲು ತುಳಿದು ತುಳಿದು ನೆಲ ಕಾಣುತ್ತಿತ್ತು. ಹೊಸ ಫ್ಲೆಕ್ಸನ್ನು ಅಂಗನವಾಡಿಯ ಗೋಡೆಗೆ ಹಚ್ಚಿದ್ದರು. ಗುಡಿ ಬೋರಿನ ಹತ್ತಿರ ಯಾರೋ ಎಮ್ಮೆ ತೊಳೆಯುತ್ತಿದ್ದರು. ಹುಲಿಗೆಮ್ಮ ಈ ಸಲ ನಕ್ಕರು, ಕುಂದ್ರಿ ಅಂದರು, ಚಹಾ ತಂದರು. ನಾನು ಕೇಳಲಿಲ್ಲ, ಕುಡಿದೆ. ಆ ದಿನ ಕುಡಿಯದೆ ಎದ್ದುಹೋದದ್ದಕ್ಕೆ ತಪ್ಪು ತಿಳಿಯಬ್ಯಾಡ್ರಿ ಎಂದೆ.

"ಹಂಗ ಎದ್ದು ಹೋಗ್ಲಿ ಅಂತನ ಅಲ್ಲೇನ್ರಿ ನಾ ಅಂದಿದ್ದು" ಎಂದು ಅವರು ಖಾಲಿ ಕಪ್ಪು ಈಸಿಕೊಂಡರು. ಬಾಗಿಲ ಹತ್ತಿರ ಹೋಗಿ, ಓಣಿಯ ಎರಡೂ ಕಡೆ ನೋಡಿ, ದನಿ ತಗ್ಗಿಸಿದರು.

"ಅವತ್ತಿನ ಚಹಾ ಶಾಲಿ ಬೋರಿನ ನೀರಿಂದ ರೀ. ಮನಿಗೆ ಬಂದೋರಿಗೆ ಆ ನೀರು ಕೊಡ್ತಾರೇನ್ರಿ ಯಾರರ?"